ಗಟ್ಟಿ ದನಿ ಇಲ್ಲದವಳು ಶಾಖೆ ನಡೆಸಬಹುದೇ?

ವರದಾ ತೀರ
ಭಾನುವಾರ, ರಾತ್ರಿ 9.50

ಸಾರ್ವಜನಿಕ ವಲಯದ ಬ್ಯಾಂಕೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಇದ್ದೇನೆ. ಕ್ಲರ್ಕ್ ಆಗಿ ಸೇರಿ, ಪರೀಕ್ಷೆ ಬರೆದು ಆಫೀಸರ್ ಆಗಿ, ಈಗ ಏಳು ವಾರಗಳಿಂದ ಶಾಖೆಯೊಂದರ ಮ್ಯಾನೇಜರ್. ಊರಿನ ಹೆಸರು ಬೇಡ. ಮೆಣಸಿನಕಾಯಿ, ಹತ್ತಿ, ಗೋವಿನಜೋಳ ಬೆಳೆಯುವ ಕಡೆ. ನನ್ನನ್ನೂ ಸೇರಿಸಿ ಆರೇ ಮಂದಿ. ಇನ್ನೊಬ್ಬ ಆಫೀಸರ್ ಹುದ್ದೆ ಖಾಲಿ ಇದೆ.

ಮೊದಲ ವಾರವೇ ಪ್ರಾದೇಶಿಕ ಕಚೇರಿಯಿಂದ ಬಂದ ಹಿರಿಯರೊಬ್ಬರು ಚಹಾ ಕುಡಿಯುತ್ತ ಹೇಳಿದರು: "ನಿಮ್ಮದು ಎಲ್ಲವೂ ಸರಿ ಇದೆ. ದನಿಯಲ್ಲಿ ಸ್ವಲ್ಪ ಗತ್ತು ಬರಬೇಕು." ಗತ್ತು ಎಲ್ಲಿ ಸಿಗುತ್ತದೆ ಎಂದು ಅವರು ಹೇಳಲಿಲ್ಲ.

ಅವರ ಮಾತು ಸುಳ್ಳೇನಲ್ಲ. "ತೊಂದರೆ ಇಲ್ಲದಿದ್ದರೆ", "ಬಿಡುವಾದಾಗ", "ಒಂದು ಸಲ ನೋಡಿಬಿಡುತ್ತೀರಾ" ಎಂಬಷ್ಟು ಮುನ್ನುಡಿ ಇಲ್ಲದೆ ನಾನು ಯಾರಿಗೂ ಒಂದು ಕೆಲಸ ಹೇಳುವುದಿಲ್ಲ. ನನ್ನ ಕ್ಯಾಬಿನ್ನಿನಲ್ಲಿ, ನನ್ನ ಎದುರಿನ ಕುರ್ಚಿಯಲ್ಲೇ ಕುಳಿತು "ಮ್ಯಾನೇಜರ್ ಸಾಹೇಬರು ಯಾವಾಗ ಬರುತ್ತಾರಮ್ಮ?" ಎಂದು ಕೇಳಿದವರು ಇದ್ದಾರೆ. ಅದಕ್ಕೆ ನಗುವುದನ್ನು ಕಲಿತಿದ್ದೇನೆ.

ಕಳೆದ ಗುರುವಾರ ಗತ್ತಿನ ಪ್ರಯೋಗವೂ ಆಯಿತು. ಬೆಳೆ ಸಾಲ ನವೀಕರಣದ ಕಡತಗಳು ಹತ್ತು ದಿನದಿಂದ ಒಬ್ಬ ಹುಡುಗನ ಮೇಜಿನ ಮೇಲೆ ಬಿದ್ದಿದ್ದವು. ಕೌಂಟರಿನ ಮುಂದೆ ಹದಿನೈದು ಜನ ನಿಂತಿದ್ದಾಗ ನಾನು ಹೊರಗೆ ಬಂದು, "ಇದು ಬ್ಯಾಂಕೋ, ಛತ್ರವೋ?" ಎಂದು ಕೂಗಿದೆ. ಆ ಮಾತು ನನ್ನದಲ್ಲ, ಹಿಂದಿನ ಮ್ಯಾನೇಜರ್ ಸಾಹೇಬರದು. ಅವರ ಕೈಕೆಳಗೆ ನಾಲ್ಕು ವರ್ಷ ಇದ್ದಾಗ ನೂರು ಸಲವಾದರೂ ಕೇಳಿದ್ದೆ. ಹುಡುಗ "ಸರಿ ಮೇಡಂ" ಎಂದ. ಸಂಜೆಯ ಹೊತ್ತಿಗೆ ಹನ್ನೊಂದು ಕಡತವನ್ನೂ ಮುಗಿಸಿದ. ಕೆಲಸ ಆಯಿತಲ್ಲ, ಅದೇ ನನ್ನ ಸಂಕಟ.

ಇನ್ನೊಂದು ಸಣ್ಣ ವಿಷಯ. ತಿಜೋರಿಯ ಎರಡನೇ ಕೀಲಿ ನನ್ನ ಬಳಿ ಇರುತ್ತದೆ. ಬೆಳಿಗ್ಗೆ ನಾನು ಬರುತ್ತಲೇ ಹೆಡ್ ಕ್ಯಾಷಿಯರ್ ಕೈ ಚಾಚುತ್ತಾರೆ, ನಾನು ಕೊಡುತ್ತೇನೆ, ಅವರೇ ಎರಡನ್ನೂ ತಿರುಗಿಸಿ ನಗದು ತೆಗೆಯುತ್ತಾರೆ. ಅಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಅವರು ವಯಸ್ಸಿನಲ್ಲಿ ನನ್ನ ತಂದೆಗೆ ಐದಾರು ವರ್ಷ ಕಿರಿಯರಿರಬಹುದು. ಕೇಳಲು ಮುಜುಗರ. ಅದು ಬಿಡಿ.

ಕೇಳಬೇಕಾದದ್ದು ಇಷ್ಟೇ. ಗತ್ತನ್ನು ಕಲಿಯಬೇಕೇ? ಕಲಿತವರು ಇಲ್ಲಿದ್ದರೆ, ಕಲಿತ ಮೇಲೆ ಮನೆಗೆ ಹೋಗಿ ಕನ್ನಡಿಯ ಮುಂದೆ ಹೇಗೆ ನಿಲ್ಲುತ್ತೀರಿ?


ಹೊಲಿಗೆ ಲೈನು 7
ಭಾನುವಾರ, ರಾತ್ರಿ 10.35

ಮೇಡಂ, ನಾನು ಬೆಂಗಳೂರಿನ ಮೈಸೂರು ರಸ್ತೆ ಕಡೆಯ ಗಾರ್ಮೆಂಟ್ಸ್ ಒಂದರಲ್ಲಿ ಸೂಪರ್‌ವೈಸರ್. ಹೆಲ್ಪರ್ ಆಗಿ ಸೇರಿದಾಗ ದಾರದ ತುದಿ ಕತ್ತರಿಸುತ್ತಿದ್ದೆ. ಈಗ ನಲವತ್ತು ಮೆಷಿನ್‌ಗಳ ಲೈನು ನನ್ನದು. ನಮ್ಮಲ್ಲಿ ಹೊಲಿಯುವವರು ಹೆಚ್ಚಾಗಿ ಹೆಂಗಸರು, ಬೈಯುವವರು ಹೆಚ್ಚಾಗಿ ಗಂಡಸರು. ನಾನು ಸೂಪರ್‌ವೈಸರ್ ಆದಾಗ ನಮ್ಮ ಫ್ಲೋರ್ ಇನ್‌ಚಾರ್ಜ್ ಕೊಟ್ಟ ತರಬೇತಿ ಒಂದೇ ವಾಕ್ಯ: "ಬಾಯಿ ಇಲ್ಲದಿದ್ದರೆ ಲೈನು ಓಡುವುದಿಲ್ಲ."

ಆರು ತಿಂಗಳು ಕೂಗಿದೆ. ಲೈನಿನ ತಲೆಯಲ್ಲಿ ಒಂದು ಬೋರ್ಡ್ ಇರುತ್ತದೆ, ಗಂಟೆಗೆ ಎಷ್ಟು ಪೀಸ್ ಆಯಿತು ಎಂದು ಬರೆಯುತ್ತೇವೆ. ಆ ಬೋರ್ಡ್ ನನಗೆ ಒಂದು ಪಾಠ ಹೇಳಿಕೊಟ್ಟಿತು. ಕೂಗಿದ ಗಂಟೆಯಲ್ಲಿ ಪೀಸ್ ಹೆಚ್ಚುತ್ತದೆ. ಅದರ ಮುಂದಿನ ಗಂಟೆಯಲ್ಲಿ ಚೆಕಿಂಗ್‌ನಿಂದ ಆಲ್ಟರ್ ಆಗಿ, ಅಂದರೆ ತಪ್ಪು ತಿದ್ದಿ ಹೊಲಿಯಲು, ವಾಪಸ್ ಬರುವ ಪೀಸ್ ಹೆಚ್ಚುತ್ತದೆ. ಹೆದರಿದ ಕೈ ಕಾಲರನ್ನು ತಿರುಚಿ ಹೊಲಿಯುತ್ತದೆ. ಸಂಜೆ ಲೆಕ್ಕ ಹಾಕಿದರೆ ಲಾಭ ಏನೂ ಇಲ್ಲ, ಗಂಟಲು ನೋವು ಮಾತ್ರ.

ನಿಮ್ಮ ಹುಡುಗ ಒಂದೇ ಸಂಜೆಗೆ ಹನ್ನೊಂದು ಕಡತ ಮುಗಿಸಿದ ಎಂದಿರಲ್ಲ, ಅವನ್ನು ಇನ್ನೊಮ್ಮೆ ತೆರೆದು ನೋಡಿ.

ಹಾಗೆಂದು ಮೆತ್ತಗೆ ಮಾತನಾಡಿ ಎಂದು ನಾನು ಹೇಳುವುದಿಲ್ಲ. ನಲವತ್ತು ಮೆಷಿನ್ ಓಡುವಾಗ ಮೆತ್ತಗೆ ಹೇಳಿದರೆ ಕೇಳಿಸುವುದೇ ಇಲ್ಲ. ಜೋರು ಬೇರೆ, ಬೈಗುಳ ಬೇರೆ. ಈಗ ನಾನು ಮಾಡುವುದೇನೆಂದರೆ, ಎಲ್ಲಿ ಪೀಸ್ ಗುಡ್ಡೆ ಬಿದ್ದಿದೆಯೋ ಅಲ್ಲಿಗೆ ಹೋಗಿ, ಆ ಹುಡುಗಿಯನ್ನು ನೀರು ಕುಡಿದು ಬಾ ಎಂದು ಕಳುಹಿಸಿ, ಅವಳ ಮೆಷಿನ್ನಿನಲ್ಲಿ ಕುಳಿತು ಹತ್ತು ಕಫ್ ನಾನೇ ಹೊಲಿಯುತ್ತೇನೆ. ಹತ್ತರಲ್ಲಿ ನಾಲ್ಕು ಸಲ ಕಾರಣ ಅವಳಾಗಿರುವುದಿಲ್ಲ, ಸೂಜಿಯಾಗಿರುತ್ತದೆ.

ಇನ್ನೊಂದು ಹೇಳಿ ಮಲಗುತ್ತೇನೆ, ಬೆಳಿಗ್ಗೆ ಐದಕ್ಕೆ ನೀರು ಬರುತ್ತದೆ. 2016ರ ಏಪ್ರಿಲ್ ನಿಮಗೆ ನೆನಪಿರಬಹುದು. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬಂದಿತ್ತು. ಬೆಂಗಳೂರಿನಲ್ಲಿ, ಮದ್ದೂರಿನ ಕಡೆ, ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ರಸ್ತೆಗೆ ಬಂದರು. ದೊಡ್ಡ ಮುಖಂಡರು ಯಾರೂ ಕರೆ ಕೊಟ್ಟಿರಲಿಲ್ಲ. ಎರಡನೇ ದಿನ, 19ನೇ ತಾರೀಖು, ಕೇಂದ್ರ ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. ನಮ್ಮ ಲೈನಿನಿಂದ ಅಂದು ಮೊದಲು ಎದ್ದವಳು ಬಟನ್ ಹಾಕುವ ಒಬ್ಬ ಹುಡುಗಿ. ಅಲ್ಲಿಯವರೆಗೆ ಅವಳು ಯಾರಿಗೂ ಎದುರಾಡಿದ್ದನ್ನು ನಾನು ನೋಡಿರಲಿಲ್ಲ. ಘೋಷಣೆ ಕೂಗಲಿಲ್ಲ. ಎದ್ದು ಮೆಷಿನ್ನಿನ ಸ್ವಿಚ್ ಆರಿಸಿದಳು, ಚೀಲ ಹೆಗಲಿಗೆ ಹಾಕಿಕೊಂಡಳು. ಅವಳ ಹಿಂದೆ ಇಡೀ ಲೈನು ಎದ್ದಿತು.


ಸೀದಾ ಮಾತು
ಸೋಮವಾರ, ಬೆಳಿಗ್ಗೆ 7.15

ಇದರಲ್ಲಿ ಹೆಣ್ಣು ಗಂಡು ಎಂಬ ಮಾತು ಏಕೆ ಬರಬೇಕು? ನಾನು ಗಂಡಸು, ನನ್ನ ದನಿಯೂ ಸಣ್ಣದೇ. ಕೆಲಸ ಗೊತ್ತಿದ್ದರೆ ಯಾರೂ ಅಡ್ಡ ಬರುವುದಿಲ್ಲ. ಗೊತ್ತಿಲ್ಲದಿದ್ದರೆ ಸಿಂಹದ ದನಿ ಇದ್ದರೂ ನಡೆಯುವುದಿಲ್ಲ. ಎಲ್ಲದಕ್ಕೂ ಸಮಾಜವನ್ನು ದೂರುವುದು ಸುಲಭ.


ಕಪ್ಪು ಹಲಗೆ
ಸೋಮವಾರ, ಮಧ್ಯಾಹ್ನ 1.20

'ಸೀದಾ ಮಾತು' ಅವರೇ, ನಿಮ್ಮ ಎದುರು ಕುಳಿತು "ಮ್ಯಾನೇಜರ್ ಯಾವಾಗ ಬರುತ್ತಾರೆ" ಎಂದು ಯಾರಾದರೂ ನಿಮ್ಮನ್ನೇ ಕೇಳಿದ್ದಾರೆಯೇ? ಕೇಳಿರಲಾರರು.

ನಾನು ಧಾರವಾಡದಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ದನಿಯ ಮಾತು ಬಂದದ್ದರಿಂದ ತರಗತಿಯಲ್ಲಿ ಪ್ರತಿ ವರ್ಷ ಹೇಳುವ ಒಂದು ಪ್ರಯೋಗ ನೆನಪಾಯಿತು. ಪಶ್ಚಿಮ ಬಂಗಾಳದ ಬೀರಭೂಮ್ ಜಿಲ್ಲೆಯಲ್ಲಿ ನಡೆದದ್ದು, ಪ್ರಕಟವಾದದ್ದು 2009ರಲ್ಲಿ. ಮಾಡಿದ ಐವರಲ್ಲಿ ಎಸ್ತರ್ ಡುಫ್ಲೊ ಒಬ್ಬರು, ಮುಂದೆ 2019ರಲ್ಲಿ ನೊಬೆಲ್ ಪಡೆದವರು. ಊರಿನವರ ದೂರಿಗೆ ಪಂಚಾಯಿತಿಯ ಮುಖ್ಯಸ್ಥರು ಕೊಡುವಂಥ ಉತ್ತರವೊಂದನ್ನು ಧ್ವನಿಮುದ್ರಿಸಿ ಹಳ್ಳಿಯವರಿಗೆ ಕೇಳಿಸಿದರು. ಮಾತು ಅಕ್ಷರಶಃ ಒಂದೇ. ಕೆಲವರಿಗೆ ಗಂಡು ದನಿಯಲ್ಲಿ ಕೇಳಿಸಿದರು, ಉಳಿದವರಿಗೆ ಹೆಣ್ಣು ದನಿಯಲ್ಲಿ. ಮಹಿಳಾ ಮೀಸಲು ಎಂದೂ ಬಂದಿರದ ಊರುಗಳಲ್ಲಿ ಗಂಡಸರು ಹೆಣ್ಣು ದನಿಗೆ ಕಡಿಮೆ ಅಂಕ ಕೊಟ್ಟರು. ಅದೇ ಮಾತು, ಅದೇ ಜ್ಞಾನ, ದನಿ ಮಾತ್ರ ಬೇರೆ. ಕೆಲಸ ಗೊತ್ತಿದ್ದರೆ ಸಾಕು ಎನ್ನುವವರು ಇದನ್ನು ಸ್ವಲ್ಪ ಹೊತ್ತು ಬಾಯಲ್ಲಿಟ್ಟುಕೊಂಡು ನೋಡಬೇಕು.

ಮುಂದಿನದು ಇನ್ನೂ ಸ್ವಾರಸ್ಯ. ಮೀಸಲಿನಿಂದಾಗಿ ಮೊದಲೇ ಮಹಿಳಾ ಮುಖ್ಯಸ್ಥರನ್ನು ಕಂಡಿದ್ದ ಊರುಗಳಲ್ಲಿ ಸಾಮರ್ಥ್ಯದ ಅಂದಾಜಿನಲ್ಲಿದ್ದ ಆ ಅಂತರ ಮಾಯವಾಗಿತ್ತು. ಹಾಗಾದರೆ ಗಂಡಸರಿಗೆ ಹೆಣ್ಣಿನ ಅಧಿಕಾರ ಇಷ್ಟವಾಗತೊಡಗಿತೇ? ಇಲ್ಲ. ಮುಂದಾಳು ಗಂಡಸೇ ಇರಲಿ ಎಂಬ ಒಲವು ಹಾಗೆಯೇ ಉಳಿದಿತ್ತು. "ಇವಳಿಂದ ಆಗದು" ಎಂಬ ಲೆಕ್ಕ ತಪ್ಪೆಂದು ಒಪ್ಪಿಕೊಂಡರು, "ಇವಳು ಬೇಕು" ಎಂದು ಒಪ್ಪಲಿಲ್ಲ.

'ವರದಾ ತೀರ' ಅವರೇ, ನಿಮ್ಮ ಶಾಖೆಗೆ ಬರುವವರಿಗೆ ನೀವು ಇಷ್ಟವಾಗುವುದನ್ನು ಕಾಯುತ್ತ ಕೂರಬೇಡಿ. ಅವರ ಲೆಕ್ಕ ತಪ್ಪಿದರೆ ಸಾಕು, ಅದಕ್ಕೆ ಒಂದೆರಡು ಬೆಳೆ ಹಂಗಾಮು ಹಿಡಿಯುತ್ತದೆ. ನಮ್ಮ ರಾಜ್ಯಕ್ಕಂತೂ ಈ ಅಭ್ಯಾಸ ಹೊಸದಲ್ಲ. 1983ರ ಕಾಯ್ದೆಯಲ್ಲೇ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಲ್ಲಿ ಮಹಿಳೆಯರಿಗೆ ಶೇ. 25 ಸ್ಥಾನ ಇಟ್ಟು, 1987ರಲ್ಲಿ ಚುನಾವಣೆ ನಡೆಸಿದ ಕರ್ನಾಟಕ, ಪಂಚಾಯಿತಿಗಳಲ್ಲಿ ಮಹಿಳಾ ಮೀಸಲನ್ನು ದೇಶಕ್ಕೆಲ್ಲ ತಂದ ಸಂವಿಧಾನದ 73ನೇ ತಿದ್ದುಪಡಿಗಿಂತ ಆರು ವರ್ಷ ಮುಂದಿತ್ತು. ಈಗ ಇಲ್ಲಿ ಅರ್ಧ ಸ್ಥಾನ ಅವರದೇ. ಪಂಚಾಯಿತಿ ಕಟ್ಟೆಯಲ್ಲಿ ಕಲಿತದ್ದನ್ನು ಬ್ಯಾಂಕಿನ ಬಾಗಿಲಲ್ಲಿ ಚಪ್ಪಲಿಯ ಜೊತೆ ಬಿಟ್ಟು ಬರುತ್ತಾರೆ, ಅಷ್ಟೇ.


ಕಾಲುವೆ ಏರಿ
ಸೋಮವಾರ, ಮಧ್ಯಾಹ್ನ 2.05

ಅರ್ಧ ಸ್ಥಾನದ ಮಾತು ಬಂತಲ್ಲ, ಒಳಗಿನ ಸುದ್ದಿ ಸ್ವಲ್ಪ ಹೇಳುತ್ತೇನೆ. ನಾನು ರಾಯಚೂರು ಜಿಲ್ಲೆಯಲ್ಲಿ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ನಾನು ಹೋದ ಪಂಚಾಯಿತಿಯಲ್ಲಿ ಅಧ್ಯಕ್ಷೆಯ ಪಕ್ಕದ ಕುರ್ಚಿಯಲ್ಲಿ ಅವರ ಯಜಮಾನರು ಕೂರುತ್ತಿದ್ದರು. ಸಭೆಯಲ್ಲಿ ಮಾತು ಅವರದು, ನಡಾವಳಿಯಲ್ಲಿ ಸಹಿ ಇವರದು. ಹೊರಗೆ ಹೋಗಿ ಎಂದು ಹೇಳಲು ನನಗೆ ಧೈರ್ಯ ಇರಲಿಲ್ಲ. ಇದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ.

ಹಾಗಾಗಿ ಒಂದು ಉಪಾಯ ಮಾಡಿದೆ. ಮುಂದಿನ ಸಾಮಾನ್ಯ ಸಭೆಗೆ ಎಷ್ಟು ಸದಸ್ಯರೋ ಅಷ್ಟೇ ಕುರ್ಚಿ ಹಾಕಿಸಿದೆ. ಉಳಿದವನ್ನೆಲ್ಲ ಅಂಗನವಾಡಿಯ ತಾಯಂದಿರ ಸಭೆಗೆ ಎಂದು ಕಳುಹಿಸಿಬಿಟ್ಟೆ. ಯಜಮಾನರು ಬಂದರು, ಸುತ್ತ ನೋಡಿದರು, ಸ್ವಲ್ಪ ಹೊತ್ತು ಗೋಡೆಗೆ ಒರಗಿ ನಿಂತರು, ಬೀಡಿ ಸೇದುವ ನೆಪದಲ್ಲಿ ಹೊರಗೆ ಹೋದರು. ಮೂರು ಸಭೆ ಹೀಗೇ ನಡೆಯಿತು. ಆ ಮೂರರಲ್ಲೂ ಅಧ್ಯಕ್ಷೆ ತುಟಿ ಬಿಚ್ಚಲಿಲ್ಲ. ಮಾಡಿದ್ದು ತಪ್ಪಾಯಿತೇನೋ, ಈ ಹೆಣ್ಣುಮಗಳನ್ನು ಒಂಟಿ ಮಾಡಿದೆನೇನೋ ಎಂದು ನನಗೆ ನಿದ್ದೆ ಹತ್ತಲಿಲ್ಲ.

ನಾಲ್ಕನೆಯ ಸಭೆಯಲ್ಲಿ ಕುಡಿಯುವ ನೀರಿನ ಮೋಟರ್ ರಿಪೇರಿಯ ಬಿಲ್ ಬಂತು. ಆಕೆ ಕಾಗದ ಎತ್ತಿ ನೋಡಿ, ಬಹಳ ಸಾವಧಾನವಾಗಿ, "ಈ ಮೋಟರ್ ನಮ್ಮ ಓಣಿಯದು. ಎರಡು ತಿಂಗಳಿಂದ ಬಿಚ್ಚೇ ಇಲ್ಲ. ಕೊಡ ಹಿಡಿದು ನಿಲ್ಲುವವಳು ನಾನು" ಎಂದರು. ಸಭೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಆ ಬಿಲ್ ಇವತ್ತಿಗೂ ಪಾಸಾಗಿಲ್ಲ.

ಯಜಮಾನರು ನನ್ನ ವರ್ಗಾವಣೆಗೆ ಓಡಾಡುತ್ತಿದ್ದಾರೆ ಎಂದು ಕೇಳಿದ್ದೇನೆ. ಆಗಲೂಬಹುದು.


ಹಿಮದೂರು
ಸೋಮವಾರ, ರಾತ್ರಿ 8.30

ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ, ಮೂಲತಃ ಶಿವಮೊಗ್ಗದವಳು. ಸಾಫ್ಟ್‌ವೇರ್ ಕಂಪನಿಯಲ್ಲಿ ಹನ್ನೆರಡು ಮಂದಿಯ ತಂಡ ನೋಡಿಕೊಳ್ಳುತ್ತೇನೆ. ಒಂದು ವರ್ಷದ ಮೌಲ್ಯಮಾಪನದಲ್ಲಿ ನನಗೆ "ಇನ್ನಷ್ಟು ದೃಢವಾಗಿ ಮಾತನಾಡಬೇಕು" ಎಂದು ಬರೆದರು. ಮುಂದಿನ ವರ್ಷ ದೃಢವಾಗಿ ಮಾತನಾಡಿದೆ. "ಸ್ವಲ್ಪ ಒರಟು" ಎಂದು ಬರೆದರು. ಎರಡೂ ಕಾಗದ ಒಂದೇ ಫೈಲಿನಲ್ಲಿವೆ.

ಇದು ನನ್ನೊಬ್ಬಳ ಕಥೆಯಲ್ಲ ಎನ್ನಲು ಇಲ್ಲಿ ಎಲ್ಲರೂ ಹೇಳುವ ಒಂದು ಉದಾಹರಣೆ ಇದೆ. 2003ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ತರಗತಿಯಲ್ಲಿ ಹೈಡಿ ರೋಯಿಜೆನ್ ಎಂಬ ಉದ್ಯಮಿಯ ವೃತ್ತಾಂತವನ್ನು ಓದಲು ಕೊಟ್ಟರು. ಕೆಲವರ ಪ್ರತಿಯಲ್ಲಿ ಹೈಡಿ ಎಂಬ ಹೆಸರನ್ನು ಹೊವರ್ಡ್ ಎಂದು ಬದಲಿಸಿದ್ದರು. ಸಾಮರ್ಥ್ಯದಲ್ಲಿ ಇಬ್ಬರಿಗೂ ಒಂದೇ ಅಂಕ ಬಂತು. ಆದರೆ ಹೊವರ್ಡ್ ಒಳ್ಳೆಯವನಾಗಿ ಕಂಡ, ಹೈಡಿ ಸ್ವಾರ್ಥಿಯಾಗಿ ಕಂಡಳು. ಬ್ರಿಟನ್ನಿನ ಮಾರ್ಗರೆಟ್ ಥ್ಯಾಚರ್ ಅವರಂಥವರೇ ದನಿ ತಗ್ಗಿಸಿಕೊಳ್ಳಲು ತರಬೇತಿ ಪಡೆದಿದ್ದರು ಎಂದ ಮೇಲೆ, ಪ್ರಾದೇಶಿಕ ಕಚೇರಿಯ ನಿಮ್ಮ ಹಿರಿಯರನ್ನು ಒಬ್ಬರನ್ನೇ ಏಕೆ ಬೈಯಬೇಕು?

ಇಷ್ಟು ಹೇಳಿಯೂ, ಇಲ್ಲಿ ಎಲ್ಲರೂ ಮೆತ್ತನೆಯ ದನಿಯ ಕಡೆ ವಾಲುತ್ತಿರುವುದು ನನಗೆ ಒಪ್ಪಿಗೆಯಿಲ್ಲ. ನಾನು ಹಲವು ವರ್ಷ "ನಾನು ಇರುವುದೇ ಹೀಗೆ" ಎಂಬ ಮಾತಿನ ಹಿಂದೆ ಅಡಗಿ ಕುಳಿತಿದ್ದೆ. ತಂಡದಲ್ಲಿ ಒಬ್ಬ ಹುಡುಗನಿದ್ದ, ನಮ್ಮ ಕಡೆಯವನೇ. ಅವನ ಕೆಲಸ ಸಾಲುತ್ತಿರಲಿಲ್ಲ. ಎಂಟು ತಿಂಗಳು ನಾನು ಅದನ್ನು ಅವನಿಗೆ ನೇರವಾಗಿ ಹೇಳಲಿಲ್ಲ. "ಪರವಾಗಿಲ್ಲ, ಮುಂದಿನ ಸಲ ನೋಡೋಣ" ಎಂದೇ ಹೇಳುತ್ತ ಬಂದೆ. ಕಂಪನಿ ಜನರನ್ನು ಕಡಿಮೆ ಮಾಡಿದಾಗ ಪಟ್ಟಿಯಲ್ಲಿ ಅವನ ಹೆಸರು ಮೊದಲು ಬಂತು. ಮನೆಯಲ್ಲಿ ಮೂರು ತಿಂಗಳ ಮಗು, ವೀಸಾ ಉಳಿಸಿಕೊಳ್ಳಲು ಅರವತ್ತು ದಿನ. ಅಷ್ಟು ವರ್ಷ ನನ್ನೊಂದಿಗೆ ಇಂಗ್ಲಿಷಿನಲ್ಲೇ ಮಾತನಾಡಿದವನು ಅಂದು ಕನ್ನಡದಲ್ಲಿ ಕೇಳಿದ: "ಮೊದಲೇ ಹೇಳಬಾರದಿತ್ತೇ ಅಕ್ಕ?"

ನನ್ನ ಮೃದುತ್ವಕ್ಕೆ ಬೆಲೆ ತೆತ್ತವನು ಅವನು. ಆದ್ದರಿಂದ ನಾನು ನಾನಾಗಿರಬೇಕು ಎಂದು ಯಾರಾದರೂ ಹೇಳಿದರೆ, ಯಾವ 'ನಾನು' ಎಂದು ಕೇಳಬೇಕೆನಿಸುತ್ತದೆ. ಹೆದರಿದ ನಾನೂ ನಾನೇ ತಾನೇ?


ಬೆಳಗಿನ ಹಾಲು
ಮಂಗಳವಾರ, ಬೆಳಿಗ್ಗೆ 8.50

ಅಮೆರಿಕದ ಅಕ್ಕನ ಮಾತು ಓದಿ ಹಾಲು ಉಕ್ಕಿಸಿಬಿಟ್ಟೆ.

ನಾನು ತುಮಕೂರು ಜಿಲ್ಲೆಯ ಒಂದು ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಸಂಬಳ ಕಡಿಮೆ, ಬೈಗುಳ ಧಾರಾಳ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಡೈರಿ ಬಾಗಿಲು ತೆಗೆಯಬೇಕು, ಮನೆಯಲ್ಲಿ ಮದುವೆ ಇದ್ದರೂ. ನಾನು ಸೇರಿದಾಗ ಈಗಿನ ಹಾಗೆ ಹಾಲು ಪರೀಕ್ಷಿಸುವ ಯಂತ್ರ ಇರಲಿಲ್ಲ, ಲ್ಯಾಕ್ಟೋಮೀಟರ್ ಬಿಟ್ಟು ನೋಡುತ್ತಿದ್ದೆವು.

ಸೇರಿದ ಎರಡನೇ ತಿಂಗಳು ನಮ್ಮ ಅತ್ತೆಯ ಅಣ್ಣ ಹಾಲು ತಂದರು. ಊರಿಗೆ ದೊಡ್ಡವರು. ಅವರ ಕ್ಯಾನಿನ ಮುಚ್ಚಳ ತೆಗೆಯುವ ಮೊದಲೇ ರಿಜಿಸ್ಟರಿನಲ್ಲಿ ಬರೆಯುವುದು ರೂಢಿ. ನಾನು ಲ್ಯಾಕ್ಟೋಮೀಟರ್ ಬಿಟ್ಟೆ. ಒಳ್ಳೆಯ ಹಾಲಿಗೆ 28ರ ಮೇಲೆ ನಿಲ್ಲಬೇಕಾದದ್ದು 22ಕ್ಕೆ ಮುಳುಗಿತು. ಹಿಂದೆ ಇಪ್ಪತ್ತು ಹೆಂಗಸರ ಸಾಲು. ಕೈ ನಡುಗಿತು, ಸುಳ್ಳು ಹೇಳುವುದಿಲ್ಲ. "ನೀರು ಬೆರೆಸಿದ್ದೀರಿ" ಎಂದು ಹೇಳಲು ಬಾಯಿ ಬರಲಿಲ್ಲ. "ಪರವಾಗಿಲ್ಲ" ಎಂದಿದ್ದರೆ ಅಂದಿಗೇ ನನ್ನ ಕಾರ್ಯದರ್ಶಿತನ ಮುಗಿಯುತ್ತಿತ್ತು. ಜಾಡಿಯನ್ನು ಅವರ ಕಡೆ ತಿರುಗಿಸಿ, "ಮಾವ, ನನಗೆ ಸರಿಯಾಗಿ ಕಾಣುತ್ತಿಲ್ಲ. ಎಷ್ಟಿದೆ ಎಂದು ನೀವೇ ಹೇಳಿಬಿಡಿ, ಬರೆದುಕೊಳ್ಳುತ್ತೇನೆ" ಎಂದೆ.

ಅವರು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಏನೂ ಹೇಳದೆ ಕ್ಯಾನ್ ಎತ್ತಿಕೊಂಡು ಹೋದರು.

ಮನೆಯಲ್ಲಿ ದೀಪಾವಳಿಯವರೆಗೆ ಅತ್ತೆ ನನ್ನೊಂದಿಗೆ ಮಾತು ಬಿಟ್ಟರು. ಆದರೆ ಮಾರನೆಯ ದಿನದಿಂದ ಸಾಲಿನಲ್ಲಿ ಬಂದ ಹಾಲೆಲ್ಲ ಗಟ್ಟಿ. ವಾರದ ಬಟವಾಡೆಯಲ್ಲಿ ವ್ಯತ್ಯಾಸ ಕಂಡಿತು. ಹೀಗೆ ಮಾಡಬೇಕೆಂದು ನನಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ನನ್ನ ಅಜ್ಜಿ ಜಗಳಗಂಟಿ ನಾದಿನಿಯರನ್ನು ಹೀಗೇ ಸಂಭಾಳಿಸುತ್ತಿದ್ದಳು.

ಇನ್ನು, 'ಅಕ್ಕ' ಎಂದು ಕರೆಸಿಕೊಳ್ಳುವುದು ಒಳ್ಳೆಯದೋ ಕೆಟ್ಟದ್ದೋ ಎಂದು ನಮ್ಮ ಒಕ್ಕೂಟದ ತರಬೇತಿಯಲ್ಲಿ ದೊಡ್ಡ ಚರ್ಚೆ ಆಗಿತ್ತು. ನಿಮ್ಮ ಅಭಿಪ್ರಾಯ ಏನು?


ಹೊಲಿಗೆ ಲೈನು 7
ಮಂಗಳವಾರ, ಮಧ್ಯಾಹ್ನ 1.10

ಊಟದ ಬಿಡುವು ಅರ್ಧ ಗಂಟೆ, ಬೇಗ ಹೇಳುತ್ತೇನೆ. ನನ್ನ ಲೈನಿನಲ್ಲಿ ಎಲ್ಲರೂ ಅಕ್ಕ ಎನ್ನುತ್ತಾರೆ. ಅಕ್ಕ ಎಂದವಳು ರಜೆ ಕೇಳುವಾಗ ಜಾಸ್ತಿ ಕೇಳುತ್ತಾಳೆ, ರಾತ್ರಿ ಶಿಪ್‌ಮೆಂಟ್ ಇದ್ದಾಗ ಜಾಸ್ತಿ ಹೊತ್ತು ನಿಲ್ಲುತ್ತಾಳೆ. ಲೆಕ್ಕ ಸಮ.


ಕಪ್ಪು ಹಲಗೆ
ಮಂಗಳವಾರ, ಮಧ್ಯಾಹ್ನ 1.40

ನನಗೆ ಒಪ್ಪಿಗೆಯಿಲ್ಲ. ಗಂಡು ಪ್ರಾಂಶುಪಾಲರನ್ನು ಯಾರೂ 'ಅಣ್ಣ' ಎನ್ನುವುದಿಲ್ಲ, 'ಸರ್' ಎನ್ನುತ್ತಾರೆ. ನಮ್ಮನ್ನು ಮಾತ್ರ ಏಕೆ ನಂಟಸ್ತಿಕೆಯ ದಾರಿಯಲ್ಲೇ ಗೌರವಿಸಬೇಕು? ಅಕ್ಕ ಆದರೆ ಅಕ್ಕನ ಹಾಗೆ ಸಹಿಸಿಕೊಳ್ಳಬೇಕು ಎಂಬ ನಿರೀಕ್ಷೆಯೂ ಹಿಂದೆಯೇ ಬರುತ್ತದೆ.


ಬೆಳಗಿನ ಹಾಲು
ಮಂಗಳವಾರ, ಸಂಜೆ 7.30

ಮೇಷ್ಟ್ರಮ್ಮನವರೇ, ನಮ್ಮ ಊರಿನಲ್ಲಿ 'ಮೇಡಂ' ಎಂದರೆ ಸೂಜಿ ಹಾಕಲು ಬಂದವರು. ಆ ಹೆಸರಿನಲ್ಲಿ ಕರೆದರೆ ಮಕ್ಕಳು ಓಡಿಹೋಗುತ್ತವೆ.


ಪಿಂಚಣಿ ಪುಸ್ತಕ
ಮಂಗಳವಾರ, ರಾತ್ರಿ 9.15

ಎಲ್ಲರ ಬರಹವನ್ನೂ ಓದಿದೆ. ನಾನು 1979ರಲ್ಲಿ ಬ್ಯಾಂಕಿಗೆ ಕ್ಲರ್ಕ್ ಆಗಿ ಸೇರಿ 36 ವರ್ಷ ದುಡಿದವಳು. ಒಂಬತ್ತು ವರ್ಗಾವಣೆ.

'ವರದಾ ತೀರ', ನೀವು ದನಿಯ ಬಗ್ಗೆ ಮೂರು ಪ್ಯಾರಾ ಬರೆದಿದ್ದೀರಿ. ಕೀಲಿಯ ಬಗ್ಗೆ ಒಂದೇ ಪ್ಯಾರಾ ಬರೆದು "ಅದು ಬಿಡಿ" ಎಂದಿದ್ದೀರಿ. ಅದನ್ನು ನಾನು ಬಿಡುವುದಿಲ್ಲ.

ಜಾಯಿಂಟ್ ಕಸ್ಟಡಿ ಎಂದರೆ ಇಬ್ಬರು, ಎರಡು ಕೀಲಿ, ಎರಡು ಕೈ. ಎರಡೂ ಒಬ್ಬರ ಕೈಯಲ್ಲಿದ್ದರೆ ಅದು ಕಸ್ಟಡಿಯೇ ಅಲ್ಲ. ಒಂದು ದಿನ ನಗದು ಕಡಿಮೆ ಬಿದ್ದರೆ ಪುಸ್ತಕದಲ್ಲಿರುವ ಎರಡು ಸಹಿಗಳಲ್ಲಿ ಒಂದು ನಿಮ್ಮದು. ಆ ದಿನ ವಿಚಾರಣೆಗೆ ಬಂದವರು ನಿಮ್ಮ ದನಿಯಲ್ಲಿ ಗತ್ತು ಇತ್ತೇ ಎಂದು ಕೇಳುವುದಿಲ್ಲ. ನನಗೆ ಹೀಗೆ ಆಗಿತ್ತು. ಐವತ್ತರ ನೋಟಿನ ಒಂದು ಕಟ್ಟು ಸಿಗಲಿಲ್ಲ, ಐದು ಸಾವಿರ ರೂಪಾಯಿ. ಆಗ ಅದು ಹೆಚ್ಚುಕಡಿಮೆ ನನ್ನ ಒಂದು ತಿಂಗಳ ಸಂಬಳ. ನಾಲ್ಕನೆಯ ದಿನ ಬೇರೆ ಕಟ್ಟುಗಳ ನಡುವೆ ಸಿಕ್ಕಿತು. ಆ ಮೂರು ರಾತ್ರಿ ನಾನು ಹೇಗಿದ್ದೆ ಎಂದು ಈಗಲೂ ನನ್ನ ಮಗಳು ಹೇಳುತ್ತಾಳೆ. ಅವಳಿಗೆ ಆಗ ಏಳು ವರ್ಷ.

ನಿಮ್ಮ ಹೆಡ್ ಕ್ಯಾಷಿಯರ್ ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಅವರಿಗೂ ಇದು ಅಪಾಯವೇ. ನೀವು ದಿನಾ ಬೆಳಿಗ್ಗೆ ಕೊಡುತ್ತಿರುವುದು ಬರೀ ಕೀಲಿಯನ್ನಲ್ಲ ಎಂಬುದು ಶಾಖೆಯ ಉಳಿದ ನಾಲ್ವರಿಗೂ ಗೊತ್ತು. ಕಡತದ ಹುಡುಗನಿಗೂ ಗೊತ್ತು. ಹಿರಿಯರ ಎದುರು ಎತ್ತಲಾಗದ ದನಿಯನ್ನು ತನ್ನ ಮೇಲೆ ಎತ್ತಿದಿರಿ ಎಂದು ಅವನಿಗೆ ಅನ್ನಿಸಿರಬಹುದು. ಕಟುವಾಗಿ ಹೇಳಿದ್ದರೆ ಕ್ಷಮಿಸಿ, ವಯಸ್ಸಾಯಿತು.

ಹೇಳುವ ರೀತಿಯನ್ನೂ ಹೇಳಿಬಿಡುತ್ತೇನೆ. ಬೆಳಿಗ್ಗೆ ಗಿರಾಕಿಗಳ ಎದುರು ಬೇಡ. ಹಿಂದಿನ ಸಂಜೆ, ಲೆಕ್ಕ ಮುಗಿದು ತಿಜೋರಿ ಮುಚ್ಚುವ ಹೊತ್ತಿಗೆ ಹೇಳಿ. ಹಿಂದಿನವರನ್ನು ದೂರಬೇಡಿ. ಅವರು 'ನಂಬಿಕೆ' ಎಂಬ ಪದ ಎತ್ತಿಯೇ ಎತ್ತುತ್ತಾರೆ, ನೀವು ಅದನ್ನು ಮುಟ್ಟಬೇಡಿ. "ನಾಳೆಯಿಂದ ನನ್ನ ಕೀಲಿಯನ್ನು ನಾನೇ ತಿರುಗಿಸುತ್ತೇನೆ." ಇಷ್ಟೇ. ನಿಮ್ಮ ಈಗಿನ ದನಿಯಲ್ಲೇ ಹೇಳಿ, ಸಾಕು. ಆದರೆ ಮುಂದೆ 'ತೊಂದರೆ ಇಲ್ಲದಿದ್ದರೆ' ಸೇರಿಸಬೇಡಿ. ಹೇಳಿದ ಮೇಲೆ ಒಂದು ಮೌನ ಬರುತ್ತದೆ. ಅದನ್ನು ತುಂಬಲು ಬಾಯಿ ತುರಿಸುತ್ತದೆ. ತುಂಬಬೇಡಿ.

'ಸೀದಾ ಮಾತು' ಅವರಿಗೂ ಒಂದು ಮಾತು. ನನ್ನ ಜೊತೆ ಸೇರಿದ ಹೆಂಗಸರಲ್ಲಿ ಎಷ್ಟೋ ಮಂದಿ ಪ್ರೊಮೋಷನ್ ಬೇಡ ಎಂದು ಬರೆದುಕೊಟ್ಟರು. ನನಗಿಂತ ಚೆನ್ನಾಗಿ ಕೆಲಸ ಗೊತ್ತಿದ್ದವರು. ಪ್ರೊಮೋಷನ್ ಎಂದರೆ ವರ್ಗಾವಣೆ, ವರ್ಗಾವಣೆ ಎಂದರೆ ಮಕ್ಕಳ ಶಾಲೆ, ಅತ್ತೆಯ ಮಧುಮೇಹ. ಅದನ್ನು ಮೇಲಿನವರು 'ಆತ್ಮವಿಶ್ವಾಸದ ಕೊರತೆ' ಎಂದು ಕರೆದು, ವರ್ಷಕ್ಕೊಮ್ಮೆ ಮಹಿಳಾ ದಿನದಂದು ಒಂದು ಭಾಷಣ ಏರ್ಪಡಿಸುತ್ತಿದ್ದರು. ಭಾರತೀಯ ಸ್ಟೇಟ್ ಬ್ಯಾಂಕಿಗೆ 2013ರಲ್ಲಿ ಅರುಂಧತಿ ಭಟ್ಟಾಚಾರ್ಯ ಮೊದಲ ಮಹಿಳಾ ಅಧ್ಯಕ್ಷೆಯಾದಾಗ ನಾವೆಲ್ಲ ಸಿಹಿ ಹಂಚಿದ್ದೆವು, ಬೇರೆ ಬ್ಯಾಂಕಿನವರಾದರೂ. ನನಗೆ ಹೆಚ್ಚು ಹಿಡಿಸಿದ್ದು ಅವರ ಕಾಲದಲ್ಲಿ ಬಂದ ರಜೆಯ ನಿಯಮ. ಮಕ್ಕಳ ಅಥವಾ ಹಿರಿಯರ ಆರೈಕೆಗೆ ಹೆಣ್ಣುಮಕ್ಕಳು ಎರಡು ವರ್ಷದವರೆಗೆ ರಜೆ ಪಡೆದು ಕೆಲಸಕ್ಕೆ ಮರಳಬಹುದು. ನಮ್ಮ ಕಾಲದಲ್ಲಿ ಅದು ಇದ್ದಿದ್ದರೆ ಬೇಡ ಎಂದು ಬರೆದುಕೊಟ್ಟವರಲ್ಲಿ ಅರ್ಧದಷ್ಟು ಮಂದಿಯಾದರೂ ಮ್ಯಾನೇಜರ್ ಆಗಿರುತ್ತಿದ್ದರು.


ಸೀದಾ ಮಾತು
ಮಂಗಳವಾರ, ರಾತ್ರಿ 10.00

ವರ್ಗಾವಣೆಯ ಮಾತು ಒಪ್ಪುತ್ತೇನೆ. ನನ್ನ ಹೆಂಡತಿಯೂ ಹಾಗೆಯೇ ಬರೆದುಕೊಟ್ಟಿದ್ದಾಳೆ. ಉಳಿದದ್ದರ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.


ವರದಾ ತೀರ
ಗುರುವಾರ, ರಾತ್ರಿ 9.30

ಕಡತಗಳನ್ನು ತೆರೆದು ನೋಡಿದೆ. ಹನ್ನೊಂದರಲ್ಲಿ ಮೂರರಲ್ಲಿ ಪಹಣಿಯ ಸರ್ವೆ ನಂಬರಿಗೂ ಅರ್ಜಿಯ ಸರ್ವೆ ನಂಬರಿಗೂ ತಾಳೆ ಇಲ್ಲ. ಒಂದರಲ್ಲಿ ತಂದೆಯ ಹೆಸರಿಗೆ ಮಗನ ಸಹಿ. ಹುಡುಗನನ್ನು ಒಳಗೆ ಕರೆದು ಕೂರಿಸಿ, ಇಬ್ಬರೂ ಸೇರಿ ಸರಿಮಾಡಿದೆವು. ಎಲ್ಲರ ಎದುರು ಕೂಗಿದ್ದು ತಪ್ಪಾಯಿತು ಎಂದೆ. ಹತ್ತು ದಿನ ಕಡತ ಕೂರಿಸಿದ್ದೂ ತಪ್ಪು ಎಂದೆ. ಎರಡನೆಯದಕ್ಕೆ ಮುನ್ನುಡಿ ಹಾಕಲಿಲ್ಲ. ಆಗ ತಿಳಿಯಿತು, ಅವನಿಗೆ ಪಹಣಿ ಓದಲು ಯಾರೂ ಸರಿಯಾಗಿ ಹೇಳಿಕೊಟ್ಟಿರಲಿಲ್ಲ. ಅವನು ಬಿಹಾರದಿಂದ ಬಂದವನು, ಕನ್ನಡ ಅಕ್ಷರ ಕೂಡಿಸಿಕೊಂಡು ಓದುತ್ತಾನೆ. ಹೊಲಿಗೆಯವರು ಹೇಳಿದ ಸೂಜಿ ಇದೇ ಇರಬೇಕು.

ಇನ್ನು ಕೀಲಿ. ನಿನ್ನೆ ಸಂಜೆ ಹೇಳಿದೆ, ಹಿರಿಯರು ಇಲ್ಲಿ ಬರೆದುಕೊಟ್ಟ ಅದೇ ವಾಕ್ಯ. ಹೆಡ್ ಕ್ಯಾಷಿಯರ್ ಕನ್ನಡಕ ತೆಗೆದು ಒರೆಸಿದರು. "ಇಪ್ಪತ್ತೆರಡು ವರ್ಷದಲ್ಲಿ ಒಂದು ರೂಪಾಯಿ ಆಚೀಚೆ ಆಗಿಲ್ಲ. ನಂಬಿಕೆ ಇಲ್ಲವೇ ಮೇಡಂ?" ಎಂದರು. ಆ ಪದ ಬಂದೇ ಬಂತು. ಮುಟ್ಟಲಿಲ್ಲ. ಗೋಡೆ ಗಡಿಯಾರದ ಸದ್ದು ಅಷ್ಟು ಜೋರಿದೆ ಎಂದು ನನಗೆ ಗೊತ್ತಿರಲಿಲ್ಲ. ಕೊನೆಗೆ ಅವರೇ "ಆಗಲಿ" ಎಂದು ಚೀಲ ಎತ್ತಿಕೊಂಡರು.

ಇವತ್ತು ಬೆಳಿಗ್ಗೆ ಅವರು ಕೈ ಚಾಚಲಿಲ್ಲ. ಇಬ್ಬರೂ ಒಳಗೆ ಹೋದೆವು. ಅವರು ತಮ್ಮ ಕೀಲಿ ತಿರುಗಿಸಿ ಪಕ್ಕಕ್ಕೆ ನಿಂತರು. ನಾನು ನನ್ನದನ್ನು ಹಾಕಿ ತಿರುಗಿಸಿದೆ. ತಿರುಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಏಳು ವಾರದಲ್ಲಿ ಆ ಬೀಗವನ್ನು ನಾನು ಒಮ್ಮೆಯೂ ತೆಗೆದಿರಲಿಲ್ಲವಲ್ಲ, ಅದರ ಗುಣ ನನ್ನ ಕೈಗೆ ಹೇಗೆ ಗೊತ್ತಿರಬೇಕು? ಬೆವರು ಬಂತು. ಹಿಂದೆ ನಿಂತಿದ್ದವರು ಏನೂ ಹೇಳಲಿಲ್ಲ. ನಾನೂ ತಿರುಗಿ ನೋಡಲಿಲ್ಲ.

ನಾಲ್ಕನೆಯ ಸಲಕ್ಕೆ ಅವರು ನಿಧಾನವಾಗಿ, "ಸ್ವಲ್ಪ ಮೇಲಕ್ಕೆ ಎತ್ತಿ ತಿರುಗಿಸಿ ಮೇಡಂ. ಅದು ಹಳೆಯದು" ಎಂದರು.

ತೆರೆಯಿತು. ಇಡೀ ದಿನ ಅವರು ನನ್ನೊಂದಿಗೆ ಬೇರೆ ಮಾತನಾಡಲಿಲ್ಲ. ನನ್ನ ಮೇಜಿಗೆ ನಾಲ್ಕು ಗಂಟೆಯ ಚಹಾ ಬರಲಿಲ್ಲ.


ಪಿಂಚಣಿ ಪುಸ್ತಕ
ಗುರುವಾರ, ರಾತ್ರಿ 9.55

ಆ ಬೀಗಕ್ಕೆ ಎಣ್ಣೆ ಹಾಕಿಸಿ. ಖರ್ಚಿನ ವೋಚರಿಗೆ ಸಹಿ ಮಾಡಬೇಕಾದವರು ನೀವೇ.